ಹಾಸಿನ ನೂಲು, ಚಿಕ್ಕಪ್ಪನ ಮೀನು

ಭಾನುವಾರ ಬೆಳಿಗ್ಗೆ ಮೀನಿನ ತೊಟ್ಟಿಯ ಫಿಲ್ಟರ್ ಬಿಚ್ಚಿ, ಅದರ ಸ್ಪಂಜನ್ನು ಬಕೆಟ್ಟಿನಲ್ಲಿ ಹಿಂಡುತ್ತಿದ್ದೆ. ಕಂದು ಲೋಳೆ, ಬೇಸಿಗೆಯ ಕೆರೆಯ ವಾಸನೆ. ನಿಮ್ಮ ಮನೆಯಲ್ಲೂ ಮೀನಿದ್ದರೆ ಈ ವಾಸನೆ ನಿಮಗೆ ಗೊತ್ತು. ಇಲ್ಲದಿದ್ದರೆ ಗೊತ್ತಿಲ್ಲದಿರುವುದೇ ಕ್ಷೇಮ. ನಲ್ಲಿ ಬಿಟ್ಟು ಚೆನ್ನಾಗಿ ತೊಳೆದುಬಿಡಬಾರದೇ ಎಂದು ಹೆಂಡತಿ ಕೇಳಿದಳು. ಬಾರದು. ತೊಟ್ಟಿಯ ನೀರಿನಲ್ಲೇ ಎರಡು ಸಲ ಹಿಂಡಿ, ಸ್ವಲ್ಪ ಕೊಳೆ ಉಳಿಸಬೇಕು. ಈ ಜ್ಞಾನ ನನಗೆ ಪುಸ್ತಕದಿಂದ ಬಂದದ್ದಲ್ಲ.

ಎಂಬತ್ತರ ದಶಕದ ನಡುವೆ ನಾನು ಕೊಯಮತ್ತೂರಿನ ತಮಿಳು ಪತ್ರಿಕೆಯೊಂದರಲ್ಲಿ ವರದಿಗಾರ. ಯಾರು, ಎಲ್ಲಿ, ಯಾವಾಗ ಎಂದು ವಿಚಾರಿಸದೆ ಒಂದು ಸಾಲನ್ನೂ ಬರೆಯದವನೆಂಬ ಹೆಮ್ಮೆ ಇತ್ತು. ಊಟ, ವಾಸ ಎರಡೂ ಅದೇ ಊರಿನ ಸಿಂಗಾನಲ್ಲೂರಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಅವರು ಕೈಮಗ್ಗದ ನೇಕಾರರು. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಪಕ್ಕದಲ್ಲೇ ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಗೋಲ್ಡ್ ಫಿಶ್. ಎಲ್ಲಕ್ಕಿಂತ ಹಿರಿಯದಕ್ಕೆ, ಉಳಿದವನ್ನು ಸದಾ ಗದರಿಸುತ್ತ ಓಡಾಡುವಂತೆ ಕಾಣುತ್ತಿದ್ದುದರಿಂದ, ‘ಮೇಸ್ತ್ರಿ’ ಎಂದು ಹೆಸರು. ಚಿಕ್ಕಪ್ಪ ಲಾಳಿ ನಿಲ್ಲಿಸಿ ದಣಿವಾರಿಸಿಕೊಳ್ಳುವಾಗ ನೋಡುತ್ತಿದ್ದುದು ಅದನ್ನೇ.

ಆಗಿನ ಫಿಲ್ಟರ್ ಎಂದರೆ ತೊಟ್ಟಿಯ ಮೂಲೆಯಲ್ಲಿ ಕೂರಿಸಿದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ತಳದಲ್ಲಿ ಇದ್ದಿಲು, ಮೇಲೆ ನೂಲಿನ ತುಂಡುಗಳು. ಗಾಳಿ ಮೋಟಾರು ಗುಳ್ಳೆ ಎಬ್ಬಿಸಿದಂತೆ ನೀರು ಅದರ ಮೂಲಕ ಹಾದು, ಕೊಳೆ ನೂಲಿನಲ್ಲಿ ಉಳಿಯುತ್ತಿತ್ತು.

ವೆಳ್ಳಕೋಯಿಲಿನಲ್ಲಿ ಚಿಕ್ಕಮ್ಮನ ಕಡೆಯ ಮದುವೆ. ಇಬ್ಬರೂ ಮೂರು ದಿನಕ್ಕೆ ಹೊರಟರು.

“ತಂಬಿ, ದಿನಕ್ಕೊಂದ್ ಚಿಟಿಕೆ ತೀನಿ ಹಾಕು, ಸಾಕು. ಆ ಪೆಟ್ಟೀಗೆ ಮಾತ್ರ ಕೈ ಇಕ್ಕಬೇಡ. ನಾ ಬಂದು ನೋಡ್ಕೊತೀನಿ” ಎಂದರು ಚಿಕ್ಕಪ್ಪ.

“ತಿಂದ ತಟ್ಟೆ ಎತ್ತಿಕ್ಕಾಕೆ ಬರಲ್ಲ ಇವನಿಗೆ. ಇವನ ಕೈಗಾ ಮೀನ್ ಒಪ್ಸಿ ಬರೋದು?” ಎಂದರು ಚಿಕ್ಕಮ್ಮ.

ಆ ಮಾತು ಚುಚ್ಚಿತು. ಎರಡನೆಯ ದಿನ, ನನಗೂ ಮನೆಗೆಲಸ ಬರುತ್ತದೆಂದು ತೋರಿಸಲು, ಪೆಟ್ಟಿಗೆ ಹೊರತೆಗೆದೆ. ಕಂದು ನೂಲನ್ನೆಲ್ಲ ಎಸೆದೆ. ಪೆಟ್ಟಿಗೆಯನ್ನು ಸೋಪು ಹಾಕಿ ಉಜ್ಜಿದೆ, ಇದ್ದಿಲನ್ನೂ ಬಿಡಲಿಲ್ಲ. ಮಗ್ಗದ ಬಳಿ ತೂಗುಹಾಕಿದ್ದ ಚೀಲದಿಂದ ಗರಿಗರಿಯಾದ ಬಿಳಿ ನೂಲು ತೆಗೆದು ತುಂಬಿದೆ.

ನೇಯುವವರಿಗೆ ಗೊತ್ತು: ಮಗ್ಗದಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲು ಎಳೆತ ತಾಳಬೇಕು, ಅದಕ್ಕೆ ಅಕ್ಕಿಗಂಜಿ ಕುಡಿಸಿರುತ್ತಾರೆ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲಿಗೆ ಗಂಜಿಯಿಲ್ಲ. ಚಿಕ್ಕಪ್ಪ ಫಿಲ್ಟರಿಗೆ ಹಾಕುತ್ತಿದ್ದುದು ಹೊಕ್ಕಿನ ತುಂಡು. ನಾನು ತುಂಬಿದ್ದು ಹಾಸಿನದು. ನಮ್ಮ ಮನೆತನದಲ್ಲಿ ಈ ವ್ಯತ್ಯಾಸ ತಿಳಿಯದೆ ಬೆಳೆದ ಮೊದಲಿಗ ನಾನೇ ಇರಬೇಕು. ಕೈಮಗ್ಗದ ಕಷ್ಟಗಳ ಬಗ್ಗೆ ಆ ತಿಂಗಳಷ್ಟೇ ಮೂರು ಕಂತಿನ ಲೇಖನ ಬರೆದಿದ್ದೆ.

ಮರುದಿನ ಬೆಳಿಗ್ಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ನಾಲ್ಕೂ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಕೊಡಗಟ್ಟಲೆ ನೀರು ಬದಲಿಸಿದೆ. ಮೂರು ಉಳಿದವು. ಮೇಸ್ತ್ರಿ ಉಳಿಯಲಿಲ್ಲ.

ಸಂಜೆ ಚಿಕ್ಕಪ್ಪ ಬಂದು ಚಪ್ಪಲಿ ಬಿಡುವ ಮುಂಚೆಯೇ ತೊಟ್ಟಿಯತ್ತ ನೋಡಿದರು.

“ಕರೆಂಟ್ ಹೋಗಿತ್ತು ಚಿಕ್ಕಪ್ಪ. ಬೆಳಗಿಂದ ಮಧ್ಯಾಹ್ನದ ತಂಕ ಮೋಟಾರ್ ಓಡ್ಲಿಲ್ಲ” ಎಂದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ವಾಕ್ಯ ಇನ್ನೊಂದಿಲ್ಲ.

ಅವರು ಪೆಟ್ಟಿಗೆಯಿಂದ ಒಂದೆಳೆ ಎಳೆದು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿದರು. ಮತ್ತೊಮ್ಮೆ ತಿಕ್ಕಿದರು. ನನ್ನತ್ತ ನೋಡಿದರು.

“ಕರೆಂಟ್ ಅಂದ್ರೆ ಹಂಗೇ ತಂಬಿ. ನಾವೇನ್ ಮಾಡಾಕಾಯ್ತದೆ?”

ಅಷ್ಟೇ. ಮರುದಿನ ತೊಟ್ಟಿಯಿಂದ ಅರ್ಧ ಬಕೆಟ್ ನೀರು ತೆಗೆದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಕ್ಕಿನ ನೂಲನ್ನು ಹೇಗೆ ಹಿಂಡಬೇಕೆಂದು ತೋರಿಸಿದರು. “ಎಲ್ಲಾ ಬೆಳ್ಳಗಾಗ್ಬಾರ್ದು ತಂಬಿ. ಮೀನ್ ಜೀವ ಇರೋದೇ ಆ ಕೊಳೇಲಿ.”

ಚಿಕ್ಕಮ್ಮ ಮಾತ್ರ ನನ್ನ ಸುದ್ದಿಯನ್ನು ನಂಬಿದರು. ನಮ್ಮ ಬೀದಿಯ ಲೈನ್‌ಮ್ಯಾನ್ ಬಿಸಿಲಲ್ಲಿ ಕಂಬ ಹತ್ತಿ ಇಳಿದರೆ ನಮ್ಮ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಹೋಗುವ ರೂಢಿ. ಆ ವಾರ ಅವನು ಬಂದಾಗ, “ಕರೆಂಟ್ ನಿಲ್ಸಿ ನಮ್ ಮೇಸ್ತ್ರೀನ ಕೊಂದ್ಬಿಟ್ಟು ಮಜ್ಜಿಗೆ ಬೇರೆ ಕೇಡಾ?” ಎಂದು ಬಾಗಿಲಲ್ಲೇ ತಡೆದರು. ಯಾವ ಮೇಸ್ತ್ರಿ, ಯಾವ ಕೊಲೆ ಎಂದು ತಿಳಿಯದೆ ಅವನು ಬೆಪ್ಪಾಗಿ ನಿಂತ. ಮಗ್ಗದ ಸದ್ದು ನಿಂತಿತು. ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಪತ್ರಿಕೆ ನೋಡುತ್ತಿದ್ದೆ. ಅವನು ಮತ್ತೆ ಜಗಲಿ ಹತ್ತಲಿಲ್ಲ.

ಚಿಕ್ಕಪ್ಪ ಈಗಿಲ್ಲ. ಇಷ್ಟು ಬರೆದು ಮುಗಿಸಿ, ಕೊನೆಗೂ ತಪ್ಪೊಪ್ಪಿಕೊಂಡೆನೆಂದು ಹಗುರವಾದೆ. ಮರುಕ್ಷಣ ನನ್ನ ಜಾಣತನ ನನಗೇ ಕಂಡಿತು. ನಮ್ಮವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುವುದೆಲ್ಲ ತಮಿಳು. ನಾನೂ ಮೈಸೂರಿಗೆ ಬಂದ ಮೇಲೆ ಕನ್ನಡ ಅಕ್ಷರ ಕಲಿತವನು. ಆ ಮನೆಯವರು ಯಾರೂ ಓದಲಾರದ ಲಿಪಿಯನ್ನೇ ಹುಡುಕಿ ತಪ್ಪೊಪ್ಪಿಕೊಂಡಿದ್ದೆ.

ಪೆನ್ನು ಇಟ್ಟು ಸಿಂಗಾನಲ್ಲೂರಿಗೆ ಫೋನ್ ಮಾಡಿದೆ. “ಚಿಕ್ಕಮ್ಮ, ಆವತ್ತು ಕರೆಂಟ್ ಹೋಗಿರ್ಲಿಲ್ಲ. ನಾನೇ ಹಾಸಿನ ನೂಲ್ ಹಾಕಿ ಮೇಸ್ತ್ರೀನ ಸಾಯ್ಸಿದ್ದು.”

ಮೀನಿನ ಬಗ್ಗೆಯೋ ಚಿಕ್ಕಪ್ಪನ ಬಗ್ಗೆಯೋ ಏನಾದರೂ ಹೇಳುತ್ತಾರೆಂದು ಕಾದೆ.

“ಅಡಪಾವಿ! ಹಂಗಾದ್ರೆ ಆ ಲೈನ್‌ಮ್ಯಾನ್?” ಎಂದರು. “ನೀ ಪೇಪರ್‌ನೋನಲ್ವಾ? ಬಾ ಇಲ್ಲಿ. ಅವನು ಎಲ್ಲವನೆ ಅಂತ ವಿಚಾರ್ಸು.”