ಮನೆ ಅಳಿಯನ ಸೋಮವಾರ

ವಡ್ಡು ಎಂಬ ಊರಿನ ಅಂದಾನಪ್ಪ ಕಂಪ್ಲಿಗೆ ಮನೆ ಅಳಿಯನಾಗಿ ಹೊರಟು ನಿಂತಾಗ ಅವನ ಅಣ್ಣಂದಿರಿಗೆ ಹೊಟ್ಟೆಕಿಚ್ಚಾಯಿತು. ಆಗದೆ ಇರುತ್ತದೆಯೇ? ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಸೀಮೆಯಲ್ಲಿ ಎತ್ತ ನೋಡಿದರತ್ತ ಭತ್ತ. ಆ ಭತ್ತವೆಲ್ಲ ಅಕ್ಕಿಯಾಗಲು ಬರುತ್ತಿದ್ದ ಗಿರಣಿಗಳಲ್ಲಿ ಚನ್ನಯ್ಯನವರ ಗಿರಣಿ ದೊಡ್ಡದು. ಚನ್ನಯ್ಯನವರಿಗೆ ಇದ್ದವಳು ಒಬ್ಬಳೇ ಮಗಳು, ನೀಲಗಂಗಮ್ಮ. ಆಕೆಯನ್ನು ಕೊಟ್ಟು ಕಳಿಸುವ ಬದಲು ಒಬ್ಬ ಹುಡುಗನನ್ನೇ ತಂದು ಇಟ್ಟುಕೊಂಡರಾಯಿತು ಎಂದು ಅವರು ಲೆಕ್ಕ ಹಾಕಿದರು. ಒಳ್ಳೆಯ ಮನೆತನ, ತಗ್ಗಿ ಮಾತಾಡುವ ಹುಡುಗ, ಅಣ್ಣಂದಿರು ನಾಲ್ವರು. ಒಬ್ಬನನ್ನು ಕೊಟ್ಟರೆ ಅವರ ಮನೆಗೇನೂ ಕೊರತೆಯಾಗುವುದಿಲ್ಲ. ಹೋರಿ ಆರಿಸುವವರೂ ಇದಕ್ಕಿಂತ ಹೆಚ್ಚು ನೋಡುವುದಿಲ್ಲ.

ಚನ್ನಯ್ಯನವರು ಕೆಟ್ಟವರು ಎಂದು ಯಾರಾದರೂ ಹೇಳಿದರೆ ನಾಲಿಗೆ ಬಿದ್ದೀತು. ಅಳಿಯನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ತಟ್ಟೆಗೆ ತುಪ್ಪ ಬೀಳದ ದಿನವಿರಲಿಲ್ಲ. ಅತ್ತೆ ಜಂಬಮ್ಮ ಅಳಿಯ ಕೆಮ್ಮಿದರೆ ಕಷಾಯ ಕಾಯಿಸುತ್ತಿದ್ದಳು. ಆದರೆ ಗಿರಣಿಯ ಬೀಗದ ಕೈ ಮಾವನ ಸೊಂಟದಲ್ಲೇ ಇರುತ್ತಿತ್ತು. ಗಾದಿಯ ಮೇಲೆ ಅಂದಾನಪ್ಪ ದಿನವಿಡೀ ಕೂತಿದ್ದರೂ ಭತ್ತ ತಂದ ರೈತರು ಅವನ ಮುಖ ನೋಡಿ, "ಸಾವ್ಕಾರ್ರು ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಬೇವಿನ ಮರದ ನೆರಳಿಗೆ ಹೋಗಿ ಕಾಯುತ್ತಿದ್ದರು. ಊರ ಕಡೆ ಹೋಗಿ ಬರುತ್ತೇನೆಂದರೆ, "ಯಾಕ್ರಿ, ಇಲ್ಲೇನರ ಕಡಿಮಿ ಆಗೈತೇನು?" ಎಂದು ಜಂಬಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು. ಕಡಿಮೆಯೇನೂ ಆಗಿರಲಿಲ್ಲ. ಕಡಿಮೆಯಾಗಿದ್ದರೆ ಜಗಳವಾಡಬಹುದಿತ್ತು. ಇದು ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ವಾರಕ್ಕೊಂದು ದಿನ ಗಿರಣಿಗೆ ಬಿಡುವು. ಸೋಮವಾರ ಬಸವಣ್ಣನ ವಾರ, ಆ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಾಡಿ ಬರದೆ ಭತ್ತ ಎಲ್ಲಿಂದ ಬರಬೇಕು? ಅಂಥ ಒಂದು ಸೋಮವಾರ ಅಂದಾನಪ್ಪ ತಲೆ ಕೆರೆದುಕೊಳ್ಳುತ್ತ, "ಹಂಪಿಗೆ ಹೋಗಿ ಬರ್ತೀನ್ರಿ ಮಾವಾರ" ಎಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ನೀಲಗಂಗಮ್ಮನಿಗೆ ಮಕ್ಕಳಾಗಿರಲಿಲ್ಲ. ವಿರೂಪಾಕ್ಷನಿಗೆ ಹರಕೆ ಹೊತ್ತಿದ್ದಾರೆ ಎಂದು ಜಂಬಮ್ಮ ತಾನೇ ತೀರ್ಮಾನಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂದಾನಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಸ್ಸು ಹತ್ತಿದ.

ಅವನು ಹೋದದ್ದು ಗುಡಿಗಲ್ಲ, ಹಂಪಿಯ ಹತ್ತಿರ ಹೊಳೆ ದಡದಲ್ಲಿರುವ ತಳವಾರಘಟ್ಟಕ್ಕೆ. ಅಲ್ಲಿ ಹೊಳೆ ದಾಟಿಸುವ ತೆಪ್ಪದ ಪಂಪಣ್ಣನಿದ್ದ. ಜನ ಬರುವವರೆಗೆ ಬಂಡೆಯ ಮೇಲೆ ಕೂತು ಗಾಳ ಹಾಕುವುದು ಪಂಪಣ್ಣನ ಅಭ್ಯಾಸ. ಅಂದಾನಪ್ಪ ಸುಮ್ಮನೆ ಪಕ್ಕದಲ್ಲಿ ಕೂತ. ಮುಂದಿನ ಸೋಮವಾರವೂ ಬಂದು ಕೂತ. ಅದರ ಮುಂದಿನ ವಾರ, "ನನ್ನ ಕೈಯಾಗೂ ಒಂದು ಕೊಡೋ" ಎಂದ. ಪಂಪಣ್ಣ ಎರೆಹುಳದ ಕರಟ ಮುಂದೆ ಮಾಡಿದ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಜೀವವಿರುವ ಹುಳವನ್ನು ಗಾಳದ ಮುಳ್ಳಿಗೆ ಏರಿಸುವುದು ಹೇಗೆ? ಹಾಗಾದರೆ ಮೀನಿನ ಬಾಯಿಗೆ ಮುಳ್ಳು ಚುಚ್ಚಬಹುದೇ ಎಂದು ನೀವು ಕೇಳುತ್ತೀರಿ. ಅಂದಾನಪ್ಪನೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿಕೊಂಡ. ಆದರೂ ಹೋಗುವುದನ್ನು ಬಿಡಲಿಲ್ಲ.

ಪಂಪಣ್ಣ ನಕ್ಕು ಬೇರೆ ದಾರಿ ತೋರಿಸಿದ. ಹುಳ ಬೇಡದ ಗಾಳ, ಸೀಸದ ಗಾಳ. ಮುಳ್ಳಿನ ಕುತ್ತಿಗೆಗೆ ಕಡಲೆಕಾಳಿನಷ್ಟು ಸೀಸ ಕರಗಿಸಿ ಕೂಡಿಸಬೇಕು. ಅದರ ಹಿಂದೆ ಹುಂಜದ ಗರಿಯನ್ನು ದಾರದಿಂದ ಸುತ್ತಿ ಕಟ್ಟಬೇಕು. ಮುಳ್ಳಿನ ಮೊನೆ ಮೇಲೆ ನೋಡುತ್ತಿರಬೇಕು, ಇಲ್ಲದಿದ್ದರೆ ಬಂಡೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಳೆಗೆ ಹೊಸನೀರು ಬಂದು ಕದಡಿದ್ದರೆ ಕರಿಯ ಗರಿ, ತಿಳಿಯಾಗಿದ್ದರೆ ಬಿಳಿಯದು. ಸೆಳವು ಜೋರಿದ್ದರೆ ಸೀಸ ಹೆಚ್ಚು, ಮಡುವಿನಲ್ಲಿ ಕಡಿಮೆ.

"ಒಗದ ಮ್ಯಾಲೆ ಜಲ್ದಿ ಮಾಡಬ್ಯಾಡ್ರಿ," ಎನ್ನುತ್ತಿದ್ದ ಪಂಪಣ್ಣ. "ತಳ ಮುಟ್ಟಿತಂದ್ರ ದಾರ ಸಡ್ಲ ಆಗ್ತೈತಿ. ಆವಾಗ ಮಣಿಕಟ್ಟಿಲೆ ಒಂದು ಗೇಣು ಎತ್ರಿ. ಮತ್ತ ಬಿಡ್ರಿ."

ಎತ್ತುವುದು ಯಾರಿಗಾದರೂ ಬರುತ್ತದೆ. ಬಿಡುವುದರಲ್ಲಿ ಇದೆ ಕಸುಬು. ಪೂರಾ ಸಡಿಲ ಬಿಟ್ಟರೆ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ಬಿಗಿ ಹಿಡಿದರೆ ಗರಿ ಜೀವವಿದ್ದಂತೆ ಇಳಿಯುವುದಿಲ್ಲ. ಕೊರಮೀನು ಎಂಬ ಮೀನಿದೆ, ತಲೆ ಹಾವಿನದು, ಮೈ ಒನಕೆಯಂಥದು. ಬಂಡೆಯ ಬುಡದ ಕತ್ತಲಲ್ಲಿ ಕೂತು, ಗರಿ ಏರುವಾಗ ಸುಮ್ಮನೆ ನೋಡುತ್ತದೆ, ಇಳಿಯುವಾಗ ಬಾಯಿ ಹಾಕುತ್ತದೆ. ಆ ಕಡಿತ ಜಗ್ಗಾಟದಂಥದಲ್ಲ. ದಾರದಲ್ಲಿ ಸಣ್ಣದೊಂದು ಟಕ್, ಬೆರಳ ತುದಿಗೆ ಮಾತ್ರ ಕೇಳುವಂಥದು. ಆ ಕ್ಷಣ ಕೈ ಎತ್ತಿದರೆ ಉಂಟು, ಯೋಚಿಸಿ ಎತ್ತಿದರೆ ಇಲ್ಲ. ಅಂದಾನಪ್ಪನಿಗೆ ಅದನ್ನು ಹಿಡಿಯಲು ಒಂದು ಮಳೆಗಾಲವೇ ಬೇಕಾಯಿತು. ಎಷ್ಟೋ ಸೀಸವನ್ನು ಹೊಳೆಯ ಬಂಡೆಗಳಿಗೆ ದಾನ ಮಾಡಿದ. ಕೊನೆಗೊಂದು ದಿನ ಮೊದಲ ಮೀನು ಸಿಕ್ಕಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಳ್ಳು ಬಿಡಿಸಿ, ನೀರಿಗೆ ಬಿಟ್ಟ.

"ತಿನ್ನಾಂಗಿಲ್ಲ, ಮಾರಾಂಗಿಲ್ಲ. ಮತ್ಯಾಕ ಹಿಡೀತೀರಿ ಸಾವ್ಕಾರ?" ಎಂದ ಪಂಪಣ್ಣ.

ಅಂದಾನಪ್ಪ ಬಗ್ಗಿ ಹೊಳೆಯಲ್ಲಿ ಕೈ ತೊಳೆದುಕೊಂಡ. "ಬಿಡೂದು ನನ್ನ ಕೈಯಾಗ ಇರೂದು ಇದೊಂದ ನೋಡೋ ಪಂಪಣ್ಣ" ಎಂದ.

ಗಾಳ, ಗರಿ ಎಲ್ಲ ಪಂಪಣ್ಣನ ಬಳಿಯೇ ಇರುತ್ತಿದ್ದವು. ಬೈಗಾಗುವ ಮುಂಚೆ ಹಂಪಿಯ ಗುಡಿಗೆ ಓಡಿಹೋಗಿ, ಕೈ ಮುಗಿದು, ಮನೆಗೆ ಪ್ರಸಾದ ತರುತ್ತಿದ್ದ. ಹುಣಸೆಹಣ್ಣಿನಿಂದ ಉಜ್ಜಿದರೂ ಬೆರಳಲ್ಲಿ ಉಳಿದ ಮೀನಿನ ವಾಸನೆಯ ಮೇಲೆ ವಿಭೂತಿ ಬಳಿದುಕೊಳ್ಳುತ್ತಿದ್ದ. ವಿರೂಪಾಕ್ಷ ಮುಕ್ಕಣ್ಣ, ಎಲ್ಲವನ್ನೂ ಕಂಡಿರಬೇಕು. ಒಂದು ದಿನವೂ ಬೈಯಲಿಲ್ಲ.

ಬೈದಿದ್ದರೇ ಚೆನ್ನಾಗಿತ್ತು. ಆ ವರ್ಷದೊಳಗೆ ನೀಲಗಂಗಮ್ಮ ಬಸುರಿಯಾದಳು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಹುಟ್ಟಿದ ಗಂಡುಮಗುವಿಗೆ ವಿರೂಪಾಕ್ಷನ ಹೆಸರೇ ಇಟ್ಟರು. ಜಂಬಮ್ಮ ಓಣಿಯುದ್ದಕ್ಕೂ ಅಳಿಯನ ಸೋಮವಾರದ ಮಹಿಮೆ ಹೇಳಿಕೊಂಡು ಬಂದಳು. ಹರಕೆ ತೀರಿತಲ್ಲ, ಇನ್ನು ಹೋಗಬೇಡಿ ಎಂದಾರೇನೋ ಎಂದು ಅಂದಾನಪ್ಪ ಒಳಗೊಳಗೆ ಹೆದರಿದ್ದ. ಅವರು ಹಾಗೆನ್ನಲಿಲ್ಲ. ಬಸ್ಸಿನಲ್ಲಿ ಸೀಟು ಹಿಡಿಯಲು ಆಳು ಕಳಿಸತೊಡಗಿದರು. ಅವನು ಬೀದಿಯಲ್ಲಿ ಹೋದರೆ ಹೆಂಗಸರು ಸೆರಗು ಹೊದ್ದು ಬದಿಗೆ ಸರಿದು ನಿಲ್ಲುವಂತಾಯಿತು. ಹೀಗೆ ಹಲವು ವರ್ಷ ನಡೆಯಿತು. ವಾರದ ಆರು ದಿನ ಗಾದಿಯ ಮೇಲಿನ ಗೊಂಬೆ, ಏಳನೆಯ ದಿನ ಬಂಡೆಯ ಮೇಲಿನ ಮನುಷ್ಯ. ಆ ಒಂದು ದಿನವಿದ್ದುದರಿಂದಲೇ ಉಳಿದ ಆರು ಸಾಗುತ್ತಿದ್ದವು. ಅದನ್ನೂ ಕಳೆದುಕೊಂಡರೆ ತಾನು ಏನಾಗುತ್ತೇನೆ ಎಂದು ನೆನೆಯಲು ಅವನಿಗೆ ಧೈರ್ಯವಿರಲಿಲ್ಲ.

ಎಪ್ಪತ್ತರ ದಶಕದ ನಡುವೆ, ಒಂದು ಸುಗ್ಗಿ ಚೆನ್ನಾಗಿ ಬಂದ ವರ್ಷ, ಚನ್ನಯ್ಯನವರು ಊಟಕ್ಕೆ ಕೂತಾಗ ಹೇಳಿದರು. "ಅಳಿಯಂದಿರಿಗೆ ಈ ಬಸ್ಸಿನ ಓಡಾಟ ಭಾಳ ಆತು. ನಮ್ಮ ಗಿರಣಿ ಕಣದಾಗ, ಬೇವಿನ ಗಿಡದ ಬುಡಕ ಒಂದು ಈಶ್ವರನ ಗುಡಿ ಕಟ್ಟಸಬೇಕಂತ ಮಾಡೀನಿ. ಇನ್ಮ್ಯಾಲೆ ಸೋಮವಾರದ ಪೂಜಿ ಇಲ್ಲೇ ಅವರ ಕೈಲೆ ಆಗ್ಲಿ."

ಜಂಬಮ್ಮನ ಕೈಯಿಂದ ಸೌಟು ಜಾರಿತು, ಸಂತೋಷಕ್ಕೆ. ಅಂದಾನಪ್ಪ ತುತ್ತು ಬಾಯಿಗಿಟ್ಟಿದ್ದವನು ಅಗಿಯುವುದನ್ನು ಮರೆತ. "ಅಷ್ಟು ಖರ್ಚು ಯಾಕ್ರಿ" ಎಂದ. "ದೇವರಿಗೆ ಖರ್ಚು ಅನ್ನಬಾರದ್ರಿ" ಎಂದರು ಮಾವ.

ಕಲ್ಲು ಬಂತು, ಗಾರೆಯವರು ಬಂದರು. ಗೋಡೆ ಏರಿದಂತೆ ಅಂದಾನಪ್ಪನ ಊಟ ಇಳಿಯಿತು. ಉಳಿದಿದ್ದ ಸೋಮವಾರಗಳಲ್ಲಿ ಅವನಿಗೆ ಗಾಳವೂ ಒಗ್ಗಲಿಲ್ಲ, ಮೀನು ಕಚ್ಚಿದ್ದೇ ತಿಳಿಯುತ್ತಿರಲಿಲ್ಲ. "ಖರೇ ಏನೈತೋ ಹೇಳಿ ಬಿಡ್ರಿ," ಎಂದ ಪಂಪಣ್ಣ. "ಮೀನ ಹಿಡಿಯಾಕ ಹೋಗ್ತಿದ್ದೆ, ಹಿಡದು ಬಿಡ್ತಿದ್ದೆ ಅಂತ ಹೇಳ್ರಿ. ಹೊಡೀತಾರೇನು?"

ಹೊಡೆಯುವುದಿಲ್ಲ. ಅದೇ ಕಷ್ಟ. ಆದರೂ ಪ್ರತಿಷ್ಠೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅಂದಾನಪ್ಪ ಗಟ್ಟಿ ಮನಸ್ಸು ಮಾಡಿದ. ಚನ್ನಯ್ಯನವರು ಹೊಸ ಗುಡಿಯ ಮುಂದೆ ಹೊರಸು ಹಾಕಿಸಿಕೊಂಡು ಅಡಿಕೆ ಕತ್ತರಿಸುತ್ತ ಕೂತಿದ್ದರು. ಸುಣ್ಣ ಹೊಡೆಯುವವರು ಉಣ್ಣಲು ಹೋಗಿದ್ದರು.

"ಮಾವಾರ, ಒಂದು ಮಾತು ಹೇಳಬೇಕಾಗಿತ್ರಿ. ನನ್ನ ಸೋಮವಾರದ್ದು."

"ಕುಂದ್ರಿ" ಎಂದರು ಚನ್ನಯ್ಯ. ಕೂತ. ಅವರು ಅಡಿಕೆ ಚೂರುಗಳನ್ನು ಅಂಗೈಯಲ್ಲಿ ಸರಿಮಾಡಿಕೊಂಡು, ಅವನ ಮುಖ ನೋಡದೆ, "ಹೇಳಬ್ಯಾಡ್ರಿ" ಎಂದರು.

ಅಂದಾನಪ್ಪನಿಗೆ ಅರ್ಥವಾಗಲಿಲ್ಲ.

"ತಳವಾರಘಟ್ಟದಾಗ ನಮ್ಮ ಹಮಾಲರಿಗೂ ಬೀಗರದಾರ್ರಿ. ಸುದ್ದಿ ಬರಾಕ ಬಸ್ಸು ಬೇಕಾಗಿಲ್ಲ. ಇವತ್ತಿಂದಲ್ಲ, ಭಾಳ ವರ್ಷ ಆತು." ಅವರ ದನಿ ಎಂದಿನಂತೆ ಮೆತ್ತಗೇ ಇತ್ತು. "ನೀವು ಹೇಳದಿದ್ರ ನನಗೇನೂ ಗೊತ್ತಿಲ್ಲ. ನೀವು ಭಕ್ತರು, ಮೊಮ್ಮಗ ದೇವರ ವರ, ನನ್ನ ಮಗಳು ಮುತ್ತೈದಿ, ಎಲ್ಲಾ ಇದ್ದಂಗ ಇರ್ತೈತಿ. ನೀವು ಬಾಯಿ ಬಿಟ್ರಿ ಅಂದ್ರ ನಾ ಕೇಳಿಸಿಕೊಂಡಂಗ ಆಗ್ತೈತಿ. ಮಠಕ್ಕ ಏನು ಹೇಳ್ಲಿ, ಓಣ್ಯಾಗ ಏನು ಹೇಳ್ಲಿ? ಅದಕ್ಕ ಕಟ್ಟಿಸೀನ್ರಿ ಇದನ್ನ. ಜಗಳ ಬ್ಯಾಡ, ಮಾನ ಹೋಗೂದು ಬ್ಯಾಡ. ಅಡಿಕಿ ತಗೋರಿ."

ಅಂದಾನಪ್ಪ ಅಡಿಕೆ ತೆಗೆದುಕೊಂಡ. ಇನ್ನೇನು ಮಾಡಿಯಾನು? ಸುಳ್ಳಿನಿಂದ ಹೊರಬರಲು ಮನುಷ್ಯನಿಗೆ ನಿಜ ಎಂಬ ಒಂದು ಬಾಗಿಲಾದರೂ ಇರುತ್ತದೆ. ಮಾವ ಅದನ್ನೂ ಮರ್ಯಾದೆಯಿಂದ ಮುಚ್ಚಿ, ಚಿಲಕ ಹಾಕಿದ್ದರು. ಕೋಪ ಬಂತು, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಪ್ರತಿಷ್ಠೆ ವಿಜೃಂಭಣೆಯಿಂದ ನಡೆಯಿತು. ಗಂಗಾವತಿಯಿಂದಲೂ ಗಿರಣಿಯವರು ಬಂದಿದ್ದರು. ಅಂದಿನಿಂದ ಪ್ರತಿ ಸೋಮವಾರ ಅಂದಾನಪ್ಪ ಒದ್ದೆ ಮಡಿಯಲ್ಲಿ, ಬಿಲ್ವಪತ್ರೆಯ ಬುಟ್ಟಿ ಹಿಡಿದು, ಮನೆಯ ಹಿಂಬಾಗಿಲಿಂದ ಕಣಕ್ಕೆ, ಕಣದಿಂದ ಹಿಂಬಾಗಿಲಿಗೆ. ಮಕ್ಕಳಿಲ್ಲದವರು ಬರತೊಡಗಿದರು. ಮೊದಲು ಓಣಿಯವರು, ಆಮೇಲೆ ಸುತ್ತಿನ ಹಳ್ಳಿಯವರು. ಅವನು ಕೊಟ್ಟ ವಿಭೂತಿಯಿಂದ ಕೆಲವರಿಗೆ ಮಕ್ಕಳಾದವು. ಆಗದವರು ಮತ್ತೆ ಬಂದು ದೂರಲಿಲ್ಲ. ಗಿರಣಿಯ ಪಕ್ಕದಲ್ಲೇ ಕಾಲುವೆ ಹರಿಯುತ್ತಿತ್ತು. ಅವನು ಆ ಕಡೆಯ ಕಿಟಕಿಯನ್ನು ಮುಚ್ಚಿಸಿ ಅಕ್ಕಿ ಮೂಟೆ ಒಟ್ಟಿಸಿದ.

ಎಂಬತ್ತರ ದಶಕದ ಕೊನೆಗೆ ಜಂಬಮ್ಮ ತೀರಿಕೊಂಡಳು, ವರ್ಷದೊಳಗೆ ಚನ್ನಯ್ಯನವರೂ ಹೋದರು. ಬೀಗದ ಕೈ ಅಂದಾನಪ್ಪನ ಸೊಂಟಕ್ಕೆ ಬಂತು. ಶಿವಗಣಾರಾಧನೆಯೆಲ್ಲ ಮುಗಿದ ಮೇಲಿನ ಮೊದಲ ಸೋಮವಾರ ಅವನು ಸ್ನಾನಕ್ಕೆ ಎದ್ದಾಗ, ನೀಲಗಂಗಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಬದನೆಯ ಎಣಗಾಯಿ ಇಟ್ಟು ಬುತ್ತಿ ಕಟ್ಟುತ್ತಿದ್ದಳು.

"ಯಾರಿಗಿದು?"

"ನಿಮಗ. ಹಂಪಿಗೆ ಹೋಗಿ ಬರ್ರಿ. ಪೂಜಿ ನಾ ಮಾಡ್ತೀನಿ."

ಅವಳು ಬುತ್ತಿಯ ಗಂಟು ಬಿಗಿದಳು. ಅದನ್ನು ಅವನ ಮುಂದಿಡುತ್ತ ಹೇಳಿದಳು. "ಅಲ್ಲಿ ಏನು ಮಾಡ್ತಿದ್ರೋ ನನಗ ಗೊತ್ತಿಲ್ಲ, ಕೇಳೂದೂ ಇಲ್ಲ. ಆದ್ರ ಅಲ್ಲಿಂದ ಬಂದ ದಿನ ನನ್ನ ಕೂಡ ನಕ್ಕೋತ ಉಣ್ತಿದ್ರಿ. ಆ ಗುಡಿ ಆದ ಮ್ಯಾಲೆ ನಗಲಿಲ್ಲ ನೀವು. ಅಪ್ಪಗ ಹೆದರಿ ನಾನೂ ಸುಮ್ನಿದ್ದೆ. ಇನ್ಯಾರದಾರ್ರಿ ಹೆದರಾಕ?"

ಅಂದಾನಪ್ಪ ಬುತ್ತಿ ತೆಗೆದುಕೊಂಡ. ಒಗೆದ ಅಂಗಿ ಹಾಕಿಕೊಂಡು ಹೊರಬಿದ್ದ. ಕಣದಲ್ಲಿ ಆಗಲೇ ಜನ ಕೂತಿದ್ದರು. ಒಬ್ಬಳು ಎದ್ದು ಬಂದು ಕಾಲಿಗೆ ಬಿದ್ದಳು. "ಅಪ್ಪಾರ, ನಿಮ್ಮ ಸೋಮವಾರ ನಂಬಿ ದರೋಜಿಯಿಂದ ನಡಕೋತ ಬಂದೀನಿ" ಎಂದಳು. ಗೇಟು ತೆರೆದೇ ಇತ್ತು. ಬಸ್ಸು ಹಾರನ್ ಹೊಡೆಯಿತು, ನಿಂತಿತು, ಇನ್ನೊಮ್ಮೆ ಹೊಡೆದು ಹೋಯಿತು. ಅವನನ್ನು ಯಾರೂ ಹಿಡಿದಿರಲಿಲ್ಲ, ಅವನು ಹೋಗಿದ್ದರೆ ಆ ಹೆಂಗಸಿಗೆ ನೀಲಗಂಗಮ್ಮನೇ ವಿಭೂತಿ ಕೊಡುತ್ತಿದ್ದಳು. ಅದು ಗೊತ್ತಿದ್ದೂ ಕಾಲು ಏಳಲಿಲ್ಲ. ಅವನು ಅಂಗಿ ಕಳಚಿ ಗುಡಿಯೊಳಗೆ ಹೋದ.

ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲಗಂಗಮ್ಮ ಒಳಗೆ ಹೋದಳು.

ಮಧ್ಯಾಹ್ನ ಜನ ಕರಗಿದ ಮೇಲೆ ಅಂದಾನಪ್ಪ ಗುಡಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ಮನೆ ಎದುರಿಗೇ ಇತ್ತು, ಒಳಗೆ ಬಿಸಿ ಅನ್ನವೂ ಇತ್ತು. ಅವಳ ಮುಂದೆ ಕೂತು ಉಣ್ಣಲು ಅವನಿಗೆ ಮುಖವಿರಲಿಲ್ಲ.