ಅಪ್ಪನ ಬಂದೂಕಿಗೆ ಬೆಲೆ ಕಟ್ಟಿಸಿದ ದಿನ

ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಚಿಕ್ಕಪ್ಪ ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬಂದ. ಹದಿನೈದು ವರ್ಷದಿಂದ ಬಂದಿರಲಿಲ್ಲ. ನಮ್ಮೂರು ಆದಿವಾಲದಲ್ಲಿ ಇಬ್ಬರ ಹೊಲವೂ ಪಕ್ಕಪಕ್ಕದಲ್ಲೇ ಇದ್ದರೂ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಊಟ ಮುಗಿಸಿ ಕೈ ತೊಳೆದವನು ನಡುಮನೆಯ ಗೋಡೆಗೆ ತೂಗುಹಾಕಿದ್ದ ಬಂದೂಕನ್ನೇ ನೋಡುತ್ತ ನಿಂತ.

"ಅದು ನಮ್ಮಪ್ಪಂದು. ನಂದೂ ಅದ್ರಾಗೆ ಪಾಲೈತೆ," ಅಂದ.

ಅವ್ವ ಎಲೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಮೈ ಉರಿಯಿತು. ಆದರೆ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು. ಮಾರಿ, ಇಲ್ಲವೇ ತಂದು ಒಪ್ಪಿಸಿ ಎಂದು ಠಾಣೆಯವರು ಹೇಳಿಕಳಿಸಿದ್ದರು. ಹೊಸದುರ್ಗದಲ್ಲಿ ಯಾರೋ ಹಳೇ ಬಂದೂಕು ಮಾರಿ ಜೋಡಿ ಎತ್ತು ಕೊಂಡರಂತೆ ಎಂಬ ಸುದ್ದಿ ಚಿಕ್ಕಪ್ಪನ ಕಿವಿಗೆ ಬಿದ್ದಿತ್ತು. ಇದೆಲ್ಲ ಎಪ್ಪತ್ತರ ದಶಕದ ಶುರುವಿನ ಮಾತು. ನಾನಾಗ ಹಿರಿಯೂರಿನಲ್ಲಿ ಟೀಚರ್ ಆಗಿದ್ದೆ. ರಜೆ ಹಾಕಿ, ಠಾಣೆಯಿಂದ ಒಂದು ಚೀಟಿ ಬರೆಸಿಕೊಂಡು, ಚಿಕ್ಕಪ್ಪನ ಜೊತೆ ಚಿತ್ರದುರ್ಗದ ಬಸ್ಸು ಹತ್ತಿದೆ.

ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡಿದ್ದೆವು.

ಬಂದೂಕು ರಿಪೇರಿ ಮಾಡುವ, ಮಾರುವ ಅಂಗಡಿ ಕೋಟೆಗೆ ಹೋಗುವ ದಾರಿಯಲ್ಲಿತ್ತು. ಅಂಗಡಿಯವನು ವಯಸ್ಸಾದ ಮನುಷ್ಯ. ಚೀಟಿ ಓದಿ, ಕಂಬಳಿ ಬಿಚ್ಚಿ, ಬಂದೂಕನ್ನು ಬೆಳಕಿಗೆ ಹಿಡಿದ. ಗುಂಡು ಹಾರಿಸಲು ಎಳೆಯುವ ಕುದುರೆಯ ಪಕ್ಕದಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿ, "ಇದು ವಿಲಾಯತಿಯಿಂದ ಬಂದದ್ದಲ್ವಾ?" ಎಂದು ಕೇಳಿದೆ.

"ಅಕ್ಷರ ಯಾರಾದ್ರೂ ಕೆತ್ತಬಹುದು ತಾಯಿ. ನಳಿಗೆ ಹೆಂಗೈತೆ ನೋಡಾಣ ಇರ್ರಿ," ಎಂದು ಮದ್ದು ಜಡಿಯುವ ಉದ್ದನೆಯ ಕಡ್ಡಿಯನ್ನು ಅದರ ಬಾಯೊಳಗೆ ಇಳಿಸಿದ. ಕಡ್ಡಿ ತಳ ಮುಟ್ಟಲಿಲ್ಲ, ಒಂದು ಗೇಣು ಮೇಲೆಯೇ ನಿಂತಿತು. ಅವನು ಮತ್ತೊಮ್ಮೆ ಇಳಿಸಿ ನೋಡಿದ. ಮುಖ ಬಿಗಿಯಿತು.

"ಯಜಮಾನ್ರೆ, ಇದು ತುಂಬಿದ್ದೈತೆ. ಹೆಂಗೆ ಬಸ್ಸಿನಾಗೆ ತಂದ್ರಿ?"

ಬಸ್ಸಿನಲ್ಲಿ ಅದರ ಬಾಯಿ ಪಕ್ಕದ ಸೀಟಿನ ಹೆಂಗಸಿನ ಕಡೆಗಿತ್ತು; ಅವಳ ಮಡಿಲಲ್ಲಿ ಕೂಸು ಮಲಗಿತ್ತು.

ಅವನು ನಮ್ಮನ್ನು ಹೊರಗೆ ಕಳಿಸಿ, ನಳಿಗೆಗೆ ನೀರು ಹುಯ್ದು, ಬಹಳ ಹೊತ್ತು ಕೆದಕಿದ. ಆಮೇಲೆ ಕರೆದು ತೋರಿಸಿದ. ಕಪ್ಪು ಕೆಸರಾದ ಮದ್ದು, ಒಂದಿಷ್ಟು ತೆಂಗಿನ ನಾರು, ಗಜ್ಜುಗದ ಬೀಜದಷ್ಟು ದಪ್ಪದ ಒಂದು ಸೀಸದ ಗುಂಡು.

"ಹಕ್ಕಿ ಓಡಿಸಾಕೆ ಸಣ್ಣ ಕಾಳಿನಂಥ ಚರೆ ಹಾಕ್ತಾರೆ. ಇದು ಒಂಟಿ ಗುಂಡು, ಕೊಲ್ಲಾಕೆ ಹಾಕಾದು," ಅಂದ. ಆಮೇಲೆ ಬೆಲೆ ಹೇಳಿದ. ನಳಿಗೆ ಒಳಗೆಲ್ಲ ತುಕ್ಕು ತಿಂದಿದೆ, ಹಿಡಿಯ ಮರಕ್ಕೂ ಅದರ ಬೆಳ್ಳಿ ಪಟ್ಟಿಗೂ ಮಾತ್ರ ಏನಾದರೂ ಕೊಡಬಹುದು, ಅರವತ್ತು ರೂಪಾಯಿ.

ಚಿಕ್ಕಪ್ಪ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಗುಂಡನ್ನೇ ನೋಡುತ್ತಿದ್ದ. "ಕಟ್ಟಿಕೊಡ್ರಿ. ಮಾರಲ್ಲ," ಅಂದ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವನೇ ಬಾಯಿಬಿಟ್ಟ.

"ಬಾವಿ ಪಾಲಿನ ಜಗಳದ ದಿನ ಕೊಡಲಿ ಹಿಡ್ಕಂಡು ನಿಮ್ಮ ಬಾಗಿಲಾಗೆ ನಿಂತಿದ್ದೆ. ಅಣ್ಣ ಒಳಗೋದ. ಮದ್ದು ಜಡಿಯೋ ಸದ್ದು ಕೇಳಿಸ್ತು. ಆಮ್ಯಾಲೆ ಬರಿಗೈಲಿ ಬಂದು, 'ಮನೀಗೋಗು' ಅಂದ. ಬರೀ ಹೆದರ್ಸಾಕೆ ಸದ್ದು ಮಾಡ್ದ ಅಂತ ಊರಾಗೆಲ್ಲ ಹೇಳ್ಕಂಡು ನಕ್ಕೆ ಮಗಳೇ. ಹದಿನೈದು ವರ್ಷ ನಕ್ಕೆ."

ಇರುವೆ ಮುತ್ತಿದ ಬೆಲ್ಲವನ್ನೂ ಊದಿ ಊದಿ ಇರುವೆ ಬಿಡಿಸುತ್ತಿದ್ದ ಅಪ್ಪ. ಅಂಥವನು ತಮ್ಮನಿಗೆಂದು ಗುಂಡನ್ನೇ ಆಯ್ದುಕೊಂಡಿದ್ದ. ಗುಂಡು ಹಾಕಿಯೂ ಬಂದೂಕನ್ನು ಒಳಗೇ ಬಿಟ್ಟು ಬರಿಗೈಲಿ ಹೊರಗೆ ಬಂದಿದ್ದ. ಎರಡೂ ಅವನೇ. ಯಾವುದನ್ನು ನಂಬಲಿ?

ಮನೆಗೆ ಬಂದಾಗ ಅವ್ವ ಒಲೆ ಮುಂದಿದ್ದಳು. ಬೆಲೆ ಎಷ್ಟೆಂದು ಅವಳು ಕೇಳಲೇ ಇಲ್ಲ.

"ಖಾಲಿ ಮಾಡಿದ್ರಾ?" ಅಂದಳು.

ನಾನು ಕೂಗಾಡಿಬಿಟ್ಟೆ. ಅದರ ಕೆಳಗೇ ನಮ್ಮ ಹಾಸಿಗೆ ಹಾಸುತ್ತಿದ್ದೆಯಲ್ಲ, ಗೊತ್ತಿದ್ದೂ ಹೇಗೆ ಸುಮ್ಮನಿದ್ದೆ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮಪ್ಪಂಗೆ ತೆಗೀರಿ ಅಂದಿದ್ರೆ, ಯಾಕೆ ತುಂಬಿದ್ರಿ ಅಂತ ಕೇಳಬೇಕಾಗ್ತಿತ್ತು. ಕೇಳಾಕೆ ನಂಗೆ ಧೈರ್ಯ ಬರ್ಲಿಲ್ಲ ಕಣೇ."

ಆ ವಾರವೇ ಬಂದೂಕನ್ನು ಠಾಣೆಗೆ ಒಪ್ಪಿಸಿದೆವು. ಚಿಕ್ಕಪ್ಪ ನನ್ನ ಜೊತೆ ಬಂದು ಹೆಬ್ಬೆಟ್ಟು ಒತ್ತಿದ. ಆಮೇಲೆ ಅವನು ನಮ್ಮ ಮನೆಗೆ ಬಂದುಹೋಗುವುದು ರೂಢಿಯಾಯಿತು. ಆದರೆ ಒಳಗೆ ಬಾ ಎಂದು ಎಷ್ಟು ಕರೆದರೂ ಅಂದು ಕೊಡಲಿ ಹಿಡಿದು ನಿಂತಿದ್ದ ಆ ಬಾಗಿಲು ದಾಟದೆ ಜಗಲಿಯ ಮೇಲೆಯೇ ಕೂರುತ್ತಿದ್ದ.