ಕಟ್ಟೆಯ ಮೇಲೆ ಸುಮ್ಮನೆ ಕುಳಿತವರು

ಹಳೆಯ ದಿನಚರಿ ತೆರೆದಾಗ ಒಣಗಿದ ಬೇವಿನೆಲೆಗಳು ಪುಡಿಯಾಗಿ ಉದುರಿದವು. ಹುಳು ಹತ್ತದಿರಲೆಂದು ಪುಟಗಳ ನಡುವೆ ಬೇವಿನೆಲೆ ಇಡುವುದು ಮಾನ್ವಿಯ ಉಪದೇಶಿಗಳಿಂದ ಕಲಿತದ್ದು. ಆ ಕಹಿ ವಾಸನೆಗೆ ಅವರ ಸಣ್ಣ ಕೋಣೆ ನೆನಪಾಯಿತು...

ಎಪ್ಪತ್ತರ ದಶಕದ ಕೊನೆ. ಗುಲಾಮಗಿರಿಯ ಬಗ್ಗೆ ಆದಿ ಕ್ರೈಸ್ತರು ಏನು ಯೋಚಿಸಿದ್ದರು, ಪಾದ್ರಿಯಿಲ್ಲದೆ ಮೌನವಾಗಿ ಪ್ರಾರ್ಥಿಸುವ ಕ್ವೇಕರರೆಂಬ ಕ್ರೈಸ್ತ ಪಂಗಡದವರು ಮುಂದೆ ಏನು ಮಾಡಿದರು ಎಂಬುದು ನನ್ನ ಸಂಶೋಧನೆಯ ವಿಷಯ. ರಾಯಚೂರಿನಲ್ಲಿ ಸಿಗದ, ಮಿಷನರಿಗಳು ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳು ಉಪದೇಶಿಗಳ ಟ್ರಂಕಿನಲ್ಲಿದ್ದವು. ಚರ್ಚಿನಲ್ಲಿ ಪಾಠ ಹೇಳಿ ನಿವೃತ್ತರಾದವರು ಅವರು. ಅವರ ತಂದೆ ಹಿರೇಕೊಟ್ನೆಕಲ್‌ನಲ್ಲಿ ಜೀತಕ್ಕಿದ್ದವರು. ಉಪದೇಶಿಗಳಿಗೆ ಇಂಗ್ಲಿಷ್ ಬಾರದು. ನಾನು ಓದಿ ಅರ್ಥ ಹೇಳಬೇಕು, ಅದೇ ಕರಾರು.

ಬೈಬಲಿನಲ್ಲಿ, ಓಡಿಬಂದ ಗುಲಾಮನೊಬ್ಬನನ್ನು ಅಪೊಸ್ತಲನು ಯಜಮಾನನ ಬಳಿಗೇ ಕಳುಹಿಸಿ, ಇವನನ್ನು ತಮ್ಮನೆಂದು ತಿಳಿ ಎಂದು ಪತ್ರ ಬರೆದದ್ದು ಅವರಿಗೆ ಮೊದಲೇ ಗೊತ್ತಿತ್ತು.

“ತಮ್ಮ ಅಂತ ಬರದು ತಿರುಗಿ ಅದೇ ಮನಿಗೆ ಕಳ್ಸಿದ್ರು ನೋಡ್ರಿ. ಹೋದ ಮ್ಯಾಲೆ ಅವಂಗೇನಾತು, ಯಾರೂ ಬರದಿಲ್ಲ” ಎಂದಿದ್ದರು.

ಕ್ವೇಕರರಲ್ಲೂ ಗುಲಾಮರನ್ನು ಇಟ್ಟುಕೊಂಡವರಿದ್ದರು. ಅಂಥವರ ಮನೆಗೆ ಅದೇ ಪಂಗಡದ ಕೆಲವರು ಹೋಗಿ, ಮೊದಲು ಸುಮ್ಮನೆ ಕುಳಿತು, ಆಮೇಲೆ ಬಿಡುಗಡೆ ಮಾಡಿರೆಂದು ಕೇಳುತ್ತಿದ್ದರು. ಇದನ್ನು ಉಪದೇಶಿಗಳು ಎರಡು ಸಲ ಓದಿಸಿದರು.

“ನಿಮ್ಮನ್ಯಾಗ ಜೀತದಾಳು ಅದಾನೇನ್ರಿ ತಮ್ಮಾ?”

ಜೀತ ನಿಷೇಧದ ಕಾನೂನು ಆಗಲೇ ಬಂದಿತ್ತು. “ಅದಾನ್ರಿ. ಆದ್ರ ಮನಿ ಮಗನಂಗ ಅದಾನ” ಎಂದೆ.

“ಮನಿ ಮಗ ಉಣ್ಣೋ ಗಂಗಾಳ ದನದ ಕೊಟ್ಟಿಗ್ಯಾಗ ಇಡ್ತೀರೇನು?”

ಅವರು ನಕ್ಕರು. ನಾನೂ ನಕ್ಕೆನೆಂದು ದಿನಚರಿಯಲ್ಲಿದೆ. ಗಂಗಾಳದ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಎರಡು ವಾರದ ನಂತರ, ಒಂದು ಬೆಳಗ್ಗೆ, ಅವರು ಅರಕೇರಾದ ನಮ್ಮ ಮನೆಗೆ ಬಂದರು. ಕೊಡೆ ಮಡಚಿ ಹೊರಗಿನ ಕಟ್ಟೆಯ ಮೇಲೆ ಕುಳಿತರು. “ಯಾರ್ರೀ, ಏನ್ ಬೇಕಾಗಿತ್ರಿ?” ಎಂದು ಅಪ್ಪ ಕೇಳಿದರೂ ಮಾತಿಲ್ಲ. ಅರ್ಧ ಗಂಟೆಯೆಂದು ದಿನಚರಿ ಹೇಳುತ್ತದೆ. ನನ್ನ ನೆನಪಿನಲ್ಲಿ ಅದು ಇಡೀ ದಿನ... ಕೊನೆಗೆ ಎದ್ದು ನಿಂತು ಕೈಮುಗಿದರು.

“ಗೌಡ್ರ, ನಿಮ್ಮ ಆಳನ್ನ ಬಿಟ್ಟುಬಿಡ್ರಿ.”

ಅಪ್ಪನ ಮುಖ ಕೆಂಪಾಯಿತು. “ನನಗ ಕಾಯ್ದೆ ಕಲಿಸಾಕ ಬಂದಿಯೇನು?” ಎಂದು ಗದರಿ, ನನ್ನ ಕಡೆ ತಿರುಗಿದರು. “ಲೇ, ಇವ ನಿನಗೇನರ ಗೊತ್ತದಾನೇನು?”

“ಇಲ್ಲ” ಎಂದೆ. ಬರೀ ತಲೆಯಾಡಿಸಿದೆನೆಂದು ಎಷ್ಟೋ ವರ್ಷ ನಂಬಿದ್ದೆ. ದಿನಚರಿಯಲ್ಲಿ “ಇಲ್ಲ” ಎಂದೇ ಇದೆ.

ಉಪದೇಶಿಗಳು ನನ್ನತ್ತ ನೋಡಲಿಲ್ಲ. “ಬರ್ತೀನ್ರಿ” ಎಂದು ಹೊರಟರು. ಬಸ್ಸಿನ ತನಕವಾದರೂ ಹೋಗಬೇಕಿತ್ತು. ಹೋಗಲಿಲ್ಲ. ಮಾನ್ವಿಗೂ ಮತ್ತೆ ಹೋಗಲಿಲ್ಲ. ಪ್ರಬಂಧ ಮುಗಿಯಿತು, ಪದವಿ ಬಂತು; ಕೃತಜ್ಞತೆಯ ಪುಟದಲ್ಲಿ ಅವರನ್ನು ಬಿಟ್ಟು ಉಳಿದವರೆಲ್ಲ ಇದ್ದಾರೆ.

ಅಂದು ಮಾತು ಸರಿಯಾಗಿ ಕೇಳಿಸದಷ್ಟು ದೂರದ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿಯ ಕೈಯಲ್ಲೇ ನಿಂತಿದ್ದ ಆಳು, ಅಪ್ಪ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದ್ದ: “ಸಣ್ಣ ಗೌಡ್ರ, ಅವ್ರು ನನ್ನ ಸಂಬಂಧ ಬಂದಿದ್ರೇನ್ರಿ?”

“ಯಾರೋ ಹಾದಿ ತಪ್ಪಿ ಬಂದಾರ” ಎಂದೆ.

ಅವನು ನಮ್ಮ ಮನೆಯಲ್ಲೇ ದುಡಿದು ಎಂಬತ್ತರ ದಶಕದಲ್ಲಿ ತೀರಿಕೊಂಡ. ಉಪದೇಶಿಗಳು ತೀರಿಕೊಂಡದ್ದು ನನಗೆ ತಿಳಿದದ್ದೇ ತಡವಾಗಿ. ತನಗಾಗಿ ಒಬ್ಬರು ಬಂದಿದ್ದರೆಂಬುದು ಆ ಆಳಿಗೆ ಕೊನೆಗೂ ಗೊತ್ತಾಗಲಿಲ್ಲ.